ಎರಡು ಬಟನ್ನಿನ ಆಟ

ಹಾರಂಗಿ ರಸ್ತೆ, ಕುಶಾಲನಗರ
೧೨ ಜನವರಿ ೨೦೨೫, ಭಾನುವಾರ

ತೇಜಸ್‌ನ ಅಪ್ಪನವರಿಗೆ ವೀಣಾಳ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ಹೋದ ಸಲ ಫೋನಿನಲ್ಲಿ ಮಾತಾಡುವಾಗ ನೀವು ಮುಖ ಆಚೆ ತಿರುಗಿಸಿಕೊಂಡು ಕೆಮ್ಮಿದ್ದು ನನಗೆ ಕಾಣಿಸಿತು. ಕೇಳಿದರೆ ಎ.ಸಿ. ಧೂಳು ಎಂದಿರಿ. ಊರವರ ಎ.ಸಿ.ಯನ್ನೆಲ್ಲ ಬಿಚ್ಚಿ ತೊಳೆಯುವ ಮನುಷ್ಯ ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳಬಾರದೇ? ಮಸ್ಕತ್ತಿನಲ್ಲೂ ಈಗ ಸ್ವಲ್ಪ ಚಳಿ ಎಂದು ಕೇಳಿದೆ, ನಿಜವೇ? ಇಲ್ಲಂತೂ ಬೆಳಿಗ್ಗೆ ಕಾಲುವೆಯ ಕಡೆ ನೋಡಿದರೆ ಮಂಜು ಬಿಟ್ಟು ಏನೂ ಕಾಣುವುದಿಲ್ಲ. ಅತ್ತೆಯ ಮಂಡಿ ಹಿಡಿದುಕೊಂಡಿದೆ. ಆದರೂ ಸುಮ್ಮನೆ ಕೂರುವವರಲ್ಲ, ನಿಮ್ಮ ತಾಯಿ ತಾನೇ. ಜಗುಲಿಯ ಬಿಸಿಲಿಗೆ ಮೊರ ಹಾಕಿಕೊಂಡು ಅವರೆಕಾಳು ಹಿತುಕುತ್ತಾರೆ. ನಿನ್ನೆ ಹಿತುಕಿದ ಬೇಳೆ ಸಾರು ಮಾಡಿದ್ದೆ. ನಿಮ್ಮ ಹೆಸರು ಹೇಳಿಕೊಂಡೇ ಉಂಡರು. ನಾಡಿದ್ದು ಸಂಕ್ರಾಂತಿ. ಎಳ್ಳುಬೆಲ್ಲ ಸ್ವಲ್ಪ ಕಟ್ಟಿ ಈ ಕಾಗದದ ಜೊತೆ ಇಟ್ಟಿದ್ದೇನೆ. ನಿಮ್ಮ ರೂಮಿನವರಿಗೂ ಕೊಡಿ.

ವಾರವಾರ ಮುಖ ನೋಡಿಕೊಂಡು ಮಾತಾಡುತ್ತೇವಲ್ಲ, ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳುತ್ತೀರಿ. ನಮ್ಮ ಮನೆ ನಿಮಗೆ ಗೊತ್ತಲ್ಲ, ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ನಡುಮನೆಯ ಮಂಚಕ್ಕೆ ಕೇಳಿಸುತ್ತದೆ. ಆ ಮಂಚದ ಮೇಲೆ ತೇಜಸ್ ಇರುತ್ತಾನೆ. ಹೊರಗೆ ಹೋಗಿ ಮಾತಾಡೋಣವೆಂದರೆ, ನಾನು ಹೊಸ್ತಿಲು ದಾಟಿದರೆ ಸಾಕು, ಯಾರ ವಿಷಯ ಎಂದು ಅವನಿಗೆ ತಿಳಿಯುತ್ತದೆ. ಇನ್ನೊಂದು ಕಾರಣವೂ ಇದೆ, ಬೇಸರ ಮಾಡಿಕೊಳ್ಳಬೇಡಿ. ಅವನ ವಿಷಯ ಎತ್ತಿದ ಕೂಡಲೇ ನೀವು ಎಲ್ಲ ಸರಿಹೋಗುತ್ತದೆ ಎನ್ನುತ್ತೀರಿ, ನಾನು ಹೂಂ ಎನ್ನುತ್ತೇನೆ, ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಕಾಗದಕ್ಕೆ ಹಾಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಮಾಯಿಲಪ್ಪನವರ ಮಗ ರಜೆ ಮುಗಿಸಿ ಇವತ್ತು ಸಂಜೆ ಮಸ್ಕತ್ತಿಗೇ ಹೊರಟಿದ್ದಾನೆ. ಅವನ ಕೈಗೆ ಕೊಡುತ್ತಿದ್ದೇನೆ. ಒಬ್ಬರೇ ಇರುವಾಗ ಓದಿ.

ಕಳೆದ ಮಳೆಗಾಲದಲ್ಲಿ ಅವನು ಹೇಗಿದ್ದನೆಂಬುದನ್ನು ನಾನು ನಿಮಗೆ ಪೂರ್ತಿ ಹೇಳಿರಲಿಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಕಾಲೇಜಿಗೆ ಸೇರಿಸಲು ಆಗಲಿಲ್ಲವಲ್ಲ, ಗಾಲಿಕುರ್ಚಿಯವನನ್ನು ಮೆಟ್ಟಿಲು ಹತ್ತಿಸುವವರು ಯಾರು ಎಂದು. ಮೊದಮೊದಲು ಜೊತೆಯ ಹುಡುಗರು ಬರುತ್ತಿದ್ದರು. ಬರಬರುತ್ತ ಹಬ್ಬಕ್ಕೊಮ್ಮೆ ಆಯಿತು. ಅವರದ್ದೂ ತಪ್ಪಲ್ಲ, ಓದು, ಓಡಾಟ, ಬೈಕು. ಇವನು ಮೊಬೈಲಿನಲ್ಲಿ ಅವರ ಜೊತೆ ಅದೇನೋ ಗುಂಡು ಹೊಡೆಯುವ ಆಟ ಆಡುತ್ತಿದ್ದ. ಅದರಲ್ಲಿ ಒಂದು ಹೆಬ್ಬೆರಳಿನಲ್ಲಿ ಓಡಬೇಕು, ಇನ್ನೊಂದರಲ್ಲಿ ಗುರಿಯಿಡಬೇಕು, ಉಳಿದ ಬೆರಳಿನಲ್ಲಿ ಹೊಡೆಯಬೇಕು. ಜುಲೈ ತಿಂಗಳಲ್ಲಿ ಅವನ ಬೆರಳು ಗಾಜಿನ ಮೇಲೆ ಅಷ್ಟು ದೂರ ಜಾರುವುದು ನಿಂತಿತು. ಫೋನನ್ನು ಎತ್ತಿ ಹಿಡಿಯುವುದೂ ಕಷ್ಟವಾಯಿತು. ಇವನು ತಡ ಮಾಡುತ್ತಾನೆಂದು ಆ ಹುಡುಗರು ಇವನನ್ನು ತಂಡದಿಂದ ತೆಗೆದರಂತೆ. ಅದನ್ನು ಅವನು ನನಗೆ ಹೇಳಲಿಲ್ಲ. ಫೋನು ದಿಂಬಿನ ಕೆಳಗೆ ಸೇರಿತು, ಅವನ ಮುಖ ಗೋಡೆಯ ಕಡೆ ತಿರುಗಿತು. ನಾನೇ ತಿರುಗಿಸಬೇಕು ತಾನೇ, ಅವನೊಬ್ಬನಿಗೆ ಮಗ್ಗುಲು ಬದಲಿಸಲು ಆಗುವುದಿಲ್ಲ. "ಗೋಡೆ ಕಡೆ ಮಾಡಮ್ಮ" ಅನ್ನುತ್ತಿದ್ದ, ಮಾಡುತ್ತಿದ್ದೆ. ಮಗನನ್ನು ನನ್ನ ಕೈಯಾರೆ ಗೋಡೆಗೆ ತಿರುಗಿಸಿ ಬಂದು ಅನ್ನಕ್ಕೆ ಎಸರಿಡುತ್ತಿದ್ದೆ. ನೀವು ಫೋನು ಮಾಡಿದಾಗ ಮಾತ್ರ ಈ ಕಡೆ ತಿರುಗಿ ನಗುತ್ತಿದ್ದ.

ಆಯುಧಪೂಜೆಗೆ ಮನೆ ತೊಳೆಯುವಾಗ ಅತ್ತೆ ದೊಡ್ಡ ಹಿತ್ತಾಳೆ ಪಾತ್ರೆ ಬೇಕೆಂದರು. ಅಟ್ಟ ಹತ್ತಿದೆ. ಪಾತ್ರೆಯ ಹಿಂದೆ ನಿಮ್ಮ ಹಳೆಯ ಲುಂಗಿಯಲ್ಲಿ ಸುತ್ತಿಟ್ಟ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ನಿಮ್ಮ ವಿಡಿಯೋ ಗೇಮು. ಬೂದು ಬಣ್ಣದ ಡಬ್ಬ, ಎರಡು ರಿಮೋಟು, ಹಳದಿ ಕ್ಯಾಸೆಟ್ಟುಗಳು. ನಮ್ಮ ಮದುವೆಗೆ ಮುಂಚೆ ಮೈಸೂರಿನಿಂದ ತಂದದ್ದಲ್ಲವೇ ಅದು? ನಾನು ಈ ಮನೆಗೆ ಬಂದ ಹೊಸತರಲ್ಲಿ ನೀವೂ ನಿಮ್ಮ ಗೆಳೆಯರೂ ಭಾನುವಾರ ಇಡೀ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದಿರಿ. ಮಾವನವರು ಬಾಗಿಲಲ್ಲಿ ಕಂಡರೆ ಸಾಕು, ನೀವು ಚಾನೆಲ್ ತಿರುಗಿಸಿ ವಾರ್ತೆ ಹಾಕುತ್ತಿದ್ದಿರಿ. ಒಂದು ಸಲ ನನ್ನ ಕೈಗೂ ರಿಮೋಟು ಕೊಟ್ಟು ಆಡು ಎಂದಿರಿ. ನಾನು ನಾಚಿಕೊಂಡು ಒಳಗೆ ಹೋದೆ. ಅಟ್ಟದ ಮೇಲೆ ಕೂತು ಅದೆಲ್ಲ ನೆನಪಾಯಿತು. ಆದರೂ ಗುಜರಿಗೆ ಹಾಕೋಣವೆಂದೇ ಕೆಳಗೆ ಇಳಿಸಿದೆ. ಏಣಿಯ ಸದ್ದಿಗೆ ತೇಜಸ್ "ಏನಮ್ಮ ಅದು?" ಎಂದ. ನಿಮ್ಮಪ್ಪನ ಗೇಮು ಎಂದೆ. "ತೋರ್ಸು" ಎಂದ. ಎಷ್ಟೋ ವಾರಗಳ ಮೇಲೆ ಅವನು ಏನನ್ನಾದರೂ ತೋರಿಸು ಎಂದು ಕೇಳಿದ್ದು ಅದೇ ಮೊದಲು. ರಿಮೋಟನ್ನು ಅವನ ಎದೆಯ ಮೇಲಿಟ್ಟೆ. ಅದನ್ನು ಮುಟ್ಟಿ ಮುಟ್ಟಿ ನೋಡಿದ. ಎಡಕ್ಕೊಂದು ದಿಕ್ಕಿನ ಬಟನ್ನು, ಬಲಕ್ಕೆ ಎರಡು ಕೆಂಪು ಬಟನ್ನು. "ಇಷ್ಟೇನಾ?" ಎಂದು ಕೇಳಿದ. ಇಷ್ಟೇ ಎಂದೆ. "ಹಂಗಾದ್ರೆ ನಂಗೆ ಸಾಕಾಯ್ತದೆ" ಎಂದ.

ಗೋಡೆಯ ಮೇಲಿನ ಹೊಸ ಟಿವಿಗೆ ಅದರ ವೈರು ಹೊಂದಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಟಿವಿ ರಿಪೇರಿ ಗಂಗಣ್ಣ ಇದ್ದಾರಲ್ಲ, ಅವರ ಹತ್ತಿರ ಚೀಲದಲ್ಲಿ ಹಾಕಿಕೊಂಡು ಹೋದೆ. ಈಗ ಅವರು ಡಿಶ್ ಕಟ್ಟುವ ಕೆಲಸವೇ ಹೆಚ್ಚು ಮಾಡುವುದು. ಡಬ್ಬವನ್ನು ಕಂಡ ಕೂಡಲೇ ಕೈಯಲ್ಲಿದ್ದ ಟೀ ಕೆಳಗಿಟ್ಟರು. ಇದನ್ನು ಆಡುವವರು ಈಗಲೂ ಇದ್ದಾರೆಯೇ ಎಂದು ಕೇಳಿದೆ. ಯಾಕಿಲ್ಲ, ಹೋಂಸ್ಟೇಯವರೂ ಬೆಂಗಳೂರಿನಿಂದ ಬರುವವರೂ ಇದನ್ನೇ ಹುಡುಕಿಕೊಂಡು ಬರುತ್ತಾರೆ, ಚಿಕ್ಕಂದಿನಲ್ಲಿ ಆಡಿದ್ದು ಎಂದು ಆಸೆ ಎಂದರು. ಕ್ಯಾಸೆಟ್ಟಿನ ಬಾಯನ್ನು ಮಕ್ಕಳ ರಬ್ಬರಿನಿಂದ ಉಜ್ಜಿದರು, ಸ್ಪಿರಿಟ್ ಹಚ್ಚಿ ಒರೆಸಿದರು, ಅಡಾಪ್ಟರ್ ಬದಲಾಯಿಸಿದರು. ಹೊಸ ಟಿವಿಗೂ ಹೇಗಾದರೂ ಹೊಂದಿಸಬಹುದು, ಆದರೆ ಬೇಡ ಎಂದರು. "ಅದ್ರಲ್ಲಿ ಬಟನ್ ಒತ್ತಿ ಒಂದೀಟು ಆದ್ಮೇಲೆ ಬೊಂಬೆ ನೆಗೆಯೋದು ಕಣಮ್ಮ. ಹುಡ್ಗ ತಾನೇ ತಡ ಮಾಡ್ದೆ ಅಂದ್ಕಂಡ್ಬಿಡ್ತಾನೆ." ಮಗನ ಸ್ಥಿತಿ ನಾನು ಹೇಳಿದ್ದೆ, ಅದಕ್ಕೇ ಹಾಗೆಂದರು. ಗೋಡೌನಿನಿಂದ ಒಂದು ಹಳೆಯ ಡಬ್ಬ ಟಿವಿ ತೆಗೆದು, ಆಟೋದಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ತಾವೇ ಬಂದರು. ಮಂಚದ ಎದುರಿಗೆ ಹೊಲಿಗೆ ಮಿಷನ್ನಿನ ಮೇಜಿನ ಮೇಲೆ ಅದನ್ನು ಇಟ್ಟೆವು. ಚಿತ್ರ ಬಂತು. ಆ ಕೀಚು ದನಿಯ ಸಂಗೀತವೂ ಬಂತು. ಒಳಗಿನಿಂದ ಅತ್ತೆ, ನೀವೇ ಬಂದಿರೆಂದುಕೊಂಡು, "ಶಶಿ ಬಂದ್ನಾ?" ಎಂದು ಕೇಳಿಕೊಂಡು ಬಂದರು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ವಾಪಸು ಹೋದರು.

ಅಲ್ಲಿಂದ ಸುಮಾರು ಒಂದು ತಿಂಗಳು ನಮ್ಮ ಮನೆಯಲ್ಲಿ ಒಬ್ಬ ಹುಡುಗ ಇದ್ದ. ಬೇರೆ ಹೇಗೆ ಹೇಳುವುದೋ ತಿಳಿಯದು. ಬೆಳಿಗ್ಗೆ ಮುಖ ತೊಳೆಸಿ ಗಾಲಿಕುರ್ಚಿಗೆ ಕೂರಿಸುವ ಹೊತ್ತಿಗೇ ಅವಸರ ಮಾಡುತ್ತಿದ್ದ. ರಿಮೋಟು ಮಡಿಲಿನಿಂದ ಜಾರುತ್ತದೆಂದು ಗಂಗಣ್ಣ ಒಂದು ಹಲಗೆಗೆ ಅದನ್ನು ಬಿಗಿದು ಕೊಟ್ಟರು. ಬಟನ್ನು ಗಟ್ಟಿ ಎಂದು ತೇಜಸ್ ಹೇಳಿದ್ದಕ್ಕೆ, ಒಳಗಿನ ರಬ್ಬರು ತೆಗೆದು ಬೇರೆ ಮೆತ್ತನೆಯ ಸ್ವಿಚ್ಚು ಕೂರಿಸಿದರು. ಬೆರಳು ಇಟ್ಟರೆ ಸಾಕು, ಒತ್ತಿದ ಹಾಗೆ. ಮೊದಲು ಟ್ಯಾಂಕಿನ ಆಟ ಹಿಡಿದ. ನಿಮಗೆ ನೆನಪಿದೆಯಲ್ಲ, ಕೆಳಗೆ ಇಟ್ಟಿಗೆ ಕೋಟೆಯೊಳಗೆ ಒಂದು ಹಕ್ಕಿ, ಅದನ್ನು ಶತ್ರುಗಳಿಂದ ಕಾಯಬೇಕು, ಇಬ್ಬರೂ ಒಟ್ಟಿಗೆ ಆಡಬಹುದು. ಎರಡನೆಯ ರಿಮೋಟು ನನ್ನ ಪಾಲಿಗೆ ಬಂತು. ಅಂದು ನಾಚಿಕೊಂಡು ಒಳಗೆ ಹೋದವಳು ಈಗ ಒಲೆಯ ಮೇಲೆ ಬೇಳೆ ಇಟ್ಟು ಬಂದು ಟ್ಯಾಂಕು ಓಡಿಸುತ್ತಿದ್ದೆ. ನಾನು ಹೊಡೆದದ್ದೆಲ್ಲ ನಮ್ಮ ಕೋಟೆಗೇ. "ಅಮ್ಮ, ನೀನ್ ಯಾರ್ ಕಡೆ?" ಎಂದು ಕೇಳುತ್ತಿದ್ದ, ಉಸಿರು ಕಟ್ಟುವ ಹಾಗೆ ನಗುತ್ತಿದ್ದ. ಒಂದು ದಿನ ಬೇಳೆ ತಳ ಹತ್ತಿ ಮನೆಯೆಲ್ಲ ಹೊಗೆ. ಅತ್ತೆ ಬೈದರು, ಆಮೇಲೆ ತಾವೂ ಬಂದು ಕೂತರು. ಅವರಿಗೆ ಅವು ಟ್ಯಾಂಕುಗಳಲ್ಲ, ಹುಳ. "ಬಲಗಡೆ ಹುಳ ಬತ್ತಾ ಅದೆ ನೋಡ್ಲಾ" ಎಂದು ಮೊಮ್ಮಗನಿಗೆ ಹೇಳಿಕೊಡುತ್ತಿದ್ದರು. ಪಕ್ಕದ ಮನೆಯ ಸರೋಜ ಕಾಫಿ ತೋಟದ ಕೆಲಸ ಮುಗಿಸಿ ಬರುವಾಗ ನಮ್ಮ ಗದ್ದಲ ಕೇಳಿ ಇಣುಕಿ, ಈ ಮನೆಯಲ್ಲಿ ಕಾಯಿಲೆಯವರು ಯಾರು ಎಂದು ನಗಾಡಿದಳು. ಅವಳು ಹಾಗೆ ಕೇಳಿದ್ದು ನನಗೆ ಎಷ್ಟು ಹಿತವಾಯಿತೆಂದರೆ, ಕರೆದು ಕಾಫಿ ಕೊಟ್ಟೆ.

ದೀಪಾವಳಿಗೆ ನೀವು ವಿಡಿಯೋ ಕರೆ ಮಾಡಿದ ದಿನ ನೆನಪಿರಬೇಕು. ಅಷ್ಟು ಹೊತ್ತಿಗೆ ಅವನು ಟೊಪ್ಪಿಯವನು ನೆಗೆದು ನೆಗೆದು ಓಡುವ ಆಟಕ್ಕೆ ಬಂದಿದ್ದ. ಎರಡನೆಯ ಹಂತದ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡಿದ್ದ. ನೀವು ಆ ಕಡೆಯಿಂದ, "ಮೇಲಿನ ಇಟ್ಟಿಗೆ ಹತ್ಕೊಂಡು ಸೀದಾ ಓಡು, ಗೋಡೆಯಿಂದಾಚೆ ಗುಟ್ಟಿನ ದಾರಿ ಇದೆ" ಎಂದಿರಿ. ಅವನು ಹತ್ತಿದ, ಬಿದ್ದ, ಮತ್ತೆ ಹತ್ತಿದ. ನಿಮ್ಮ ರೂಮಿನ ಕೇರಳದ ಹುಡುಗರು, ಮಂಗಳೂರಿನವರು ಎಲ್ಲರೂ ಎದ್ದುಬಂದು ನಿಮ್ಮ ಭುಜದ ಮೇಲಿಂದ ಬಗ್ಗಿ, ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ದಾರಿ ಹೇಳುತ್ತಿದ್ದರು. ಕೊನೆಗೆ ಗೋಡೆ ದಾಟಿ ಆ ಕೊಳವೆಗಳ ಕೋಣೆಗೆ ಬಂದನಲ್ಲ, ಆಗ ನಿಮ್ಮ ಮುಖ ನೋಡಿದೆ. ಮದುವೆಯ ಹೊಸತಿನಲ್ಲಿ ಇದ್ದ ಮುಖ. ಅವನು ಕೇಳಿದ, "ಅಪ್ಪ, ನೀವು ಇದನ್ನ ಕೊನೇವರೆಗೂ ಆಡಿದೀರಾ?" ಆಡಿದ್ದೇನೆ, ಕೊನೆಯ ಕೋಟೆಯಲ್ಲಿ ರಾಜಕುಮಾರಿ ಸಿಗುತ್ತಾಳೆ ಎಂದಿರಿ. ಮೇ ತಿಂಗಳಿಗೆ ಬಂದಾಗ ಇಬ್ಬರೂ ಸೇರಿ ಆಡೋಣ ಎಂದಿರಿ. ಅವನು ಹೂಂ ಎಂದ. ಕರೆ ಮುಗಿದ ಮೇಲೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದ. ಆ ದಿನದ ನಿಮ್ಮಿಬ್ಬರ ಮುಖ ಕೆಡಿಸಲು ಮನಸ್ಸಾಗದೆ, ಮುಂದೆ ಆದದ್ದನ್ನು ನಾನು ನಿಮಗೆ ಹೇಳದೆ ಉಳಿದೆ.

ನವೆಂಬರಿನಲ್ಲಿ ಅವನಿಗೆ ಬಂದದ್ದು ನಿಮಗೆ ಹೇಳಿದ ಹಾಗೆ ಬರೀ ನೆಗಡಿಯಲ್ಲ. ಮೊದಲು ನೆಗಡಿಯೇ ಆಗಿತ್ತು. ಕಫ ಕಟ್ಟಿತು, ಕೆಮ್ಮಿ ತೆಗೆಯುವಷ್ಟು ಬಲ ಅವನ ಎದೆಯಲ್ಲಿ ಇರಲಿಲ್ಲ. ಒಂದು ಮಧ್ಯಾಹ್ನ ತುಟಿ ನೀಲಿಯಾಯಿತು. ಸರೋಜಳ ಗಂಡನೇ ಆಂಬುಲೆನ್ಸಿಗೆ ಫೋನು ಮಾಡಿದ್ದು. ಕುಶಾಲನಗರದಲ್ಲಿ ನೋಡಿದವರು ಮೈಸೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಅವನು ನನ್ನ ಬೆರಳು ಹಿಡಿದಿದ್ದ. ಹಿಡಿದಿದ್ದ ಎಂದರೆ, ನನ್ನ ಬೆರಳಿನ ಮೇಲೆ ಅವನ ಬೆರಳು ಇತ್ತು. ಅಲ್ಲಿ ಮುಖಕ್ಕೆ ಮಾಸ್ಕು ಬಿಗಿದು ಮಿಷನ್ನಿನಿಂದ ಗಾಳಿ ಕೊಟ್ಟರು. ಎರಡು ವಾರದ ಮೇಲೆ ಮನೆಗೆ ಬಂದೆವು. ಆಗೆಲ್ಲ ನೆಟ್‌ವರ್ಕ್ ಸರಿಯಿಲ್ಲ, ವಿಡಿಯೋ ಬರುತ್ತಿಲ್ಲ ಎಂದು ನಿಮಗೆ ಹೇಳಿದೆವಲ್ಲ, ಅದು ಅವನ ಉಪಾಯ. ಮಾಸ್ಕು ತೆಗೆದ ಸ್ವಲ್ಪ ಹೊತ್ತಿನಲ್ಲಿ, "ಅಪ್ಪ ಅಲ್ಲೊಬ್ರೇ ಅಳ್ತಾರೆ, ಹೇಳ್ಬೇಡ" ಎಂದ. ಹೊರಡುವ ದಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಇನ್ನೂ ಒಂದು ವಿಷಯ ಹೇಳಿದರು. ಅದನ್ನು ಬರೆಯಲು ಈಗ ಕೈ ಬರುತ್ತಿಲ್ಲ.

ಮನೆಗೆ ಬಂದಮೇಲೆ ಗಾಲಿಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಮಂಚದ ಮೇಲೇ ದಿಂಬು ಒಟ್ಟಿ ಒರಗಿಸಿ, ಹಲಗೆಯನ್ನು ಮಡಿಲಿಗಿಟ್ಟೆ. ಟ್ಯಾಂಕಿನ ಆಟ ಹಾಕಿದ. ಎಡಗೈ ಹೆಬ್ಬೆರಳು ದಿಕ್ಕಿನ ಬಟನ್ನಿನ ಮೇಲೆ ಸುಮ್ಮನೆ ಕೂತಿತ್ತು. ಅವನು ಅದನ್ನೇ ನೋಡುತ್ತಿದ್ದ, ಟಿವಿಯನ್ನಲ್ಲ. ಅಷ್ಟರಲ್ಲಿ ಅತ್ತೆ ಹೇಳುವ ಹುಳಗಳು ಬಂದು ಹಕ್ಕಿಯನ್ನು ಹೊಡೆದು ಹಾಕಿದವು. ಆಸ್ಪತ್ರೆಯಿಂದ ಬಂದ ಸುಸ್ತು ಎಂದೆ ನಾನು. ಹೌದು ಎಂದ. ಗಂಗಣ್ಣನನ್ನು ಕರೆಸಿದೆ. ಅವರು ದಿಕ್ಕಿನ ಬಟನ್ನಿಗೂ ಮೆತ್ತನೆಯ ಸ್ವಿಚ್ಚು ಹಾಕಿ ನೋಡಿದರು. ನಾಲ್ಕು ಕಡೆಗೂ ಬೆರಳು ಹೊರಳಬೇಕಲ್ಲ, ಅದು ಹೊರಳಲಿಲ್ಲ. ಹಲಗೆಯನ್ನು ಅತ್ತ ಇತ್ತ ತಿರುಗಿಸಿದರು, ಕನ್ನಡಕ ತೆಗೆದು ಒರೆಸಿದರು. ಕಾಫಿ ಕೊಟ್ಟರೆ ಕುಡಿಯದೆ, ಮತ್ತೆ ಬರುತ್ತೇನೆ ಎಂದು ಹೊರಟರು. ಮತ್ತೆ ಬಂದದ್ದೂ ಹೌದು. ಒಂದೇ ಬಟನ್ನು ಒತ್ತಿದರೆ ಹಾರುವ, ಬಿಟ್ಟರೆ ಇಳಿಯುವ ಹೆಲಿಕಾಪ್ಟರಿನ ಆಟವೊಂದನ್ನು ಎಲ್ಲಿಂದಲೋ ಹುಡುಕಿ ತಂದಿದ್ದರು. ಕೆಲವು ದಿನ ಅದನ್ನು ಆಡಿದ. ಆಡುತ್ತ ಆಡುತ್ತ ಅವನ ಮುಖ ಮತ್ತೆ ಮಳೆಗಾಲದ ಮುಖವಾಗತೊಡಗಿತು. ಅಡುಗೆಮನೆಯಿಂದ ನಾನು ಆ ಆಟದ ಸದ್ದು ಕೇಳುತ್ತಿದ್ದೆ. ಹೆಲಿಕಾಪ್ಟರ್ ಗೋಡೆಗೆ ಬಡಿದರೆ ಒಂದು ಸದ್ದು ಬರುತ್ತದೆ. ಮೊದಲೆಲ್ಲ ಆ ಸದ್ದು ಅಪರೂಪಕ್ಕೆ ಕೇಳುತ್ತಿತ್ತು, ಆಮೇಲೆ ಅದೊಂದೇ ಕೇಳುವಂತಾಯಿತು.

ಟೊಪ್ಪಿಯವನ ಆಟವನ್ನು ಇಬ್ಬರೂ ಸೇರಿ ಆಡೋಣ ಎಂದು ಹೇಳಿದವಳು ನಾನೇ. ಒಂದೇ ರಿಮೋಟಿನಲ್ಲಿ ದಿಕ್ಕಿನ ಬಟನ್ನು ನನ್ನದು, ನೆಗೆಯುವ ಬಟನ್ನು ಅವನದು. ಮಂಚದ ಮೇಲೆ ಅವನ ಪಕ್ಕ ಕೂತು, ಅವನ ತಲೆ ನನ್ನ ಭುಜಕ್ಕೆ ಒರಗಿಸಿಕೊಂಡು ಆಡಿದೆವು. "ಓಡು. ನಿಲ್ಲು. ಸ್ವಲ್ಪ ಹಿಂದೆ. ಈಗ" ಎನ್ನುತ್ತಿದ್ದ. ನಾನು ಯಾವಾಗಲೂ ತಡ. ಆದರೂ ಸುಮಾರು ದೂರ ಹೋದೆವು. ನೀವು ಹೇಳಿಕೊಟ್ಟ ಗುಟ್ಟಿನ ದಾರಿಯಿಂದ ಮುಂದಕ್ಕೆ, ಬೆಂಕಿಯ ಉಂಡೆಗಳು ತಿರುಗುವ ಕೋಟೆಯವರೆಗೆ. ದಿನಾ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಆಡುತ್ತಿದ್ದೆವು. ನನಗೂ ಆಸೆ ಹುಟ್ಟಿತು ನೋಡಿ. ಆ ಕೊನೆಯ ಕೋಟೆ ಮುಟ್ಟಿಸಿಬಿಡೋಣ, ಆ ರಾಜಕುಮಾರಿಯನ್ನು ಇವನು ನೋಡಿಬಿಡಲಿ ಎಂದು ಹಟ ಬಂತು. ಪಾತ್ರೆ ತೊಳೆಯುವಾಗಲೂ ನನ್ನ ಬೆರಳುಗಳು ಆ ಬಟನ್ನುಗಳನ್ನೇ ಒತ್ತುತ್ತಿದ್ದವು. ಅವನು ಇಲ್ಲದ ಹೊತ್ತಿನಲ್ಲಿ ಎನ್ನಲಾರೆ, ಅವನು ಎಲ್ಲಿಗೆ ಹೋಗುತ್ತಾನೆ, ಅವನು ನಿದ್ದೆ ಮಾಡುವ ಹೊತ್ತಿನಲ್ಲಿ ಸದ್ದು ಅಡಗಿಸಿ ಅಭ್ಯಾಸ ಮಾಡಿದೆ. ಸಾಕಷ್ಟು ಚೆನ್ನಾಗಿ ಕಲಿತೆ.

ಕಳೆದ ವಾರ ಆ ಬೆಂಕಿ ಉಂಡೆಗಳ ಕೋಟೆ ದಾಟಿದೆವು. ಸೇತುವೆಯ ತುದಿಯಲ್ಲಿ ನಿಂತಿರುವ ಬೆಂಕಿ ಉಗುಳುವ ಪ್ರಾಣಿಯ ಮೇಲಿಂದ ನೆಗೆಯಬೇಕಿತ್ತು. ಅವನು "ಈಗ" ಎಂದ. ನಾನು ಓಡಿಸಿದೆ. ಬೊಂಬೆ ನೆಗೆಯಿತು, ಆಚೆ ಬಿತ್ತು, ಸೇತುವೆ ಮುರಿಯಿತು, ಗೆದ್ದೆವು. ನಾನು ಅವನ ಕೆನ್ನೆ ಹಿಂಡಿದೆ. ಅವನು ನಗಲಿಲ್ಲ. ಕೆಳಗೆ ನೋಡಿದೆ. ಅವನ ಬೆರಳು ಹಲಗೆಯ ಮೇಲೆ, ಬಟನ್ನಿನ ಪಕ್ಕದಲ್ಲಿ ಬಿದ್ದಿತ್ತು. ಅವನು ಒತ್ತಿರಲೇ ಇಲ್ಲ. ನನ್ನ ಬಲಗೈ ಯಾವಾಗ ಅಲ್ಲಿಗೆ ಹೋಯಿತೋ, ನಾನೇ ಒತ್ತಿಬಿಟ್ಟಿದ್ದೆ. ಎಷ್ಟು ದಿನದಿಂದ ಹಾಗೆ ಒತ್ತುತ್ತಿದ್ದೆನೋ ನನಗೆ ತಿಳಿಯದು, ಅವನಿಗೆ ತಿಳಿದಿತ್ತು. "ಸಾಕಮ್ಮ" ಎಂದ. "ನೀನು ಆಡ್ತಿದೀಯ, ನಾನು ನೋಡ್ತಿದೀನಿ. ನೋಡೋದಾದ್ರೆ ಟಿವಿ ನೋಡ್ತೀನಿ." ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಎದ್ದು ಸ್ವಿಚ್ ಆರಿಸಿದೆ. ಡಬ್ಬ ಟಿವಿಯ ಗಾಜಿನಲ್ಲಿ ನಾವಿಬ್ಬರೂ ಮಂಚದ ಸಮೇತ ಕಾಣುತ್ತಿದ್ದೆವು.

ಮರುದಿನ ಅವನು ಗಂಗಣ್ಣನಿಗೆ ಫೋನು ಮಾಡಿಸಿ, ಟಿವಿ ತೆಗೆದುಕೊಂಡು ಹೋಗಿ ಎಂದು ತಾನೇ ಹೇಳಿದ. ಅವರು ಇರಲಿ ಬಿಡು ಮಗ ಎಂದರೆ, ಬೇರೆ ಯಾರಾದರೂ ಹುಡುಕಿಕೊಂಡು ಬಂದಾರು, ಅವರಿಗೆ ಕೊಡಿ ಎಂದ. ಅವರು ಬರಲಿಲ್ಲ. ಹೆಂಡತಿಯ ಹತ್ತಿರ ಮೈ ಸರಿಯಿಲ್ಲವೆಂದು ಹೇಳಿಸಿದರು. ಮನುಷ್ಯ ಪಾಪ, ಅವರಿಗೆ ಧೈರ್ಯ ಬರಲಿಲ್ಲ. ಗೇಮಿನ ಡಬ್ಬವನ್ನು ನಾನು ಇನ್ನೂ ಅಟ್ಟಕ್ಕೆ ಹಾಕಿಲ್ಲ. ಅತ್ತೆ ಮಾತ್ರ ಸಾಯಂಕಾಲ ಮೊಮ್ಮಗನ ಪಕ್ಕ ಕೂತು, ಇವತ್ತು ಹುಳ ಇಲ್ಲವೇನೋ ಎಂದು ಕೇಳುತ್ತಾರೆ. ಅವರಿಗೆ ಹೇಗೆ ಹೇಳುವುದು? ಅವರು ನನಗೆ ಒಂದು ದಿನವೂ ಮಾಂಸಖಂಡ ಸೋಲುವ ಈ ಕಾಯಿಲೆ ನಿನ್ನ ತವರಿನ ಕಡೆಯಿಂದ ಬಂದದ್ದು ಎಂದು ಹಂಗಿಸಿದವರಲ್ಲ. ರಕ್ತ ಪರೀಕ್ಷೆಯ ದಿನ ಡಾಕ್ಟರು ಹಾಗೆ ಹೇಳಿದಾಗ ನೀವೂ ಹಂಗಿಸಲಿಲ್ಲ. ಯಾರಾದರೂ ಹಂಗಿಸಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಬೆಳಿಗ್ಗೆ ಅವನನ್ನು ಎತ್ತಿ ಕೂರಿಸುವಾಗ ತೂಕವೇ ಇರುವುದಿಲ್ಲ, ಆ ಹಗುರವನ್ನು ಮಾತ್ರ ತಡೆಯಲಾಗುವುದಿಲ್ಲ. ದೇವರ ಮುಂದೆ ದೀಪ ಹಚ್ಚುತ್ತೇನೆ, ಏನು ಕೇಳಬೇಕೆಂದು ತಿಳಿಯದೆ ಎದ್ದು ಬರುತ್ತೇನೆ.

ಇಷ್ಟೇ ನಮ್ಮ ಕಡೆಯ ಸುದ್ದಿ. ಹೊಟ್ಟೆ ತುಂಬ ಊಟ ಮಾಡಿ, ಬಿಸಿಲಿನಲ್ಲಿ ತಲೆಗೆ ಬಟ್ಟೆ ಹಾಕಿಕೊಳ್ಳಿ. ಅತ್ತೆ ನಿಮಗೆ ನೂರು ವರ್ಷ ಆಯಸ್ಸಾಗಲಿ ಎಂದು ಬರೆಯಲು ಹೇಳಿದ್ದಾರೆ. ತೇಜಸ್ ಮಲಗಿದ್ದಾನೆ. ಎಚ್ಚರವಿದ್ದಿದ್ದರೆ ಅವನೂ ಏನಾದರೂ ಹೇಳುತ್ತಿದ್ದ.

ಇಂತಿ ನಿಮ್ಮವಳೇ ಆದ
ವೀಣಾ

ಮಾಯಿಲಪ್ಪನವರ ಮಗನ ಜೀಪು ಗೇಟಿನ ಹತ್ತಿರ ಬಂದು ನಿಂತಿದೆ. ಬರೆಯಬೇಕಾದದ್ದನ್ನು ಬಿಟ್ಟು ಏನೇನೋ ಬರೆದೆ, ಅದಕ್ಕೆ ನಿಂತುಕೊಂಡೇ ಈ ನಾಲ್ಕು ಸಾಲು. ಮೈಸೂರಿನ ಡಾಕ್ಟರು ಹೇಳಿದ್ದು ಇದು: ಮುಂದಿನ ಸಲ ಕಫ ಕಟ್ಟಿದರೆ ಮಾಸ್ಕು ಸಾಲುವುದಿಲ್ಲ, ಗಂಟಲಿಗೆ ತೂತು ಮಾಡಿ ಕೊಳವೆ ಹಾಕಬೇಕಾಗುತ್ತದೆ, ಆಮೇಲೆ ಯಾವಾಗಲೂ ಮಿಷನ್ನೇ ಉಸಿರಾಡಬೇಕು, ಹಾಗೆ ವರ್ಷಗಟ್ಟಲೆ ಇರುವವರೂ ಇದ್ದಾರೆ, ಬೇಕೋ ಬೇಡವೋ ಎಂದು ಮನೆಯವರು ಈಗಲೇ ಯೋಚಿಸಿಕೊಂಡಿರಿ, ಆ ಹೊತ್ತಿನಲ್ಲಿ ಯೋಚಿಸಲು ಸಮಯ ಇರುವುದಿಲ್ಲ. ತೇಜಸ್ ಎಲ್ಲ ಕೇಳಿಸಿಕೊಂಡಿದ್ದಾನೆ. ಆಟ ನಿಲ್ಲಿಸಿದ ದಿನ ಸಂಜೆ, ನಾನು ಅವನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ, "ನಂಗೆ ತೂತು ಬೇಡ ಅಮ್ಮ. ಇಲ್ಲೇ ಇರ್ತೀನಿ, ಮೈಸೂರಿಗೆ ಕರ್ಕೊಂಡು ಹೋಗ್ಬೇಡ" ಎಂದ. ಸುಮ್ಮನಿರು ಎಂದೆ. "ಅಪ್ಪಂಗೆ ನಾನೇ ಹೇಳ್ತೀನಿ, ಫೋನಲ್ಲಿ ಹೇಳಲ್ಲ" ಎಂದ. ನಿಮಗೆ ಬರೆದದ್ದು ಅವನಿಗೆ ಗೊತ್ತಿಲ್ಲ. ಮೇ ತಿಂಗಳವರೆಗೆ ಕಾಯಬೇಡಿ, ನಿನ್ನೆಯಿಂದ ಮತ್ತೆ ಮೂಗು ಸೋರುತ್ತಿದೆ. ರಜೆ ಕೊಡದಿದ್ದರೆ ಕೆಲಸ ಬಿಟ್ಟು ಬನ್ನಿ. ಬಂದು ಅವನಿಗೆ ಬೈಯಿರಿ, ಬೇಡ ಮಗನೇ ಎನ್ನಿ, ಇಲ್ಲವಾದರೆ ಹೂಂ ಎನ್ನಿ, ಏನಾದರೂ ಅವನ ಮುಖ ನೋಡಿ ಹೇಳಿ. ನನ್ನೊಬ್ಬಳ ಕೈಲಿ ಹೇಳಿಸಬೇಡಿ. ಯಾಕೆಂದರೆ ಅವನು ಹಾಗೆಂದಾಗ, ಎಣ್ಣೆ ಹಚ್ಚುತ್ತಿದ್ದ ನನಗೆ, ಹೆತ್ತ ನನಗೆ, ಒಂದು ಗಳಿಗೆ ಅದೇ ಸರಿ ಎನ್ನಿಸಿತು. ಇದನ್ನು ನಿಮಗಲ್ಲದೆ ಇನ್ನು ಯಾರಿಗೆ ಹೇಳಲಿ? ಬನ್ನಿ.